ಮಲೆನಾಡಿನ ಮನೆಗೆ ನೆಟ್‌ವರ್ಕ್: ಕೇಬಲ್ಲೋ, ವೈಫೈಯೋ, ಎರಡೂ ಬೇಕೋ?

"ಯಾವ ರೌಟರ್ ತಗೊಳ್ಳಲಿ?" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಅವರ ಮನೆಯ ಗೋಡೆ ಎಷ್ಟು ದಪ್ಪ ಎಂದು. ಆಮೇಲೆ, ಕರೆಂಟ್ ಹೋದರೆ ಎಷ್ಟು ಹೊತ್ತು ಹೋಗುತ್ತದೆ ಎಂದು. ಕೊನೆಗೆ, ಮನೆಯಿಂದ ಕೊಟ್ಟಿಗೆಗೂ ಅಡಿಕೆ ಅಂಗಳಕ್ಕೂ ಎಷ್ಟು ಮಾರು ದೂರ ಎಂದು. ಈ ಮೂರು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ನೆಟ್‌ವರ್ಕ್ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಪೇಟೆಯ ಎರಡು ಕೋಣೆಯ ಮನೆಗೆ ಹೊಂದುವಂಥವು. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಹಳೆಯ ಮನೆ ಹಾಗಲ್ಲ. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆ ಮನೆ, ಬಚ್ಚಲು ಒಂದರ ಹಿಂದೆ ಒಂದು ಉದ್ದಕ್ಕೆ ಸಾಗುತ್ತವೆ. ಮಣ್ಣಿನದೋ ಜಂಬಿಟ್ಟಿಗೆಯದೋ ಗೋಡೆ ಒಂದೂವರೆ ಅಡಿ ದಪ್ಪ. ಮಳೆಗಾಲದಲ್ಲಿ ಆ ಗೋಡೆ ತೇವ ಹೀರಿಕೊಂಡು ಕೂತಿರುತ್ತದೆ. ನೀರಿಗೆ ವೈಫೈ ಅಲೆಯನ್ನು ನುಂಗುವ ಗುಣ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೇಸಿಗೆಯಲ್ಲಿ ಅಡುಗೆ ಮನೆವರೆಗೆ ಬರುತ್ತಿದ್ದ ವೈಫೈ ಆರಿದ್ರಾ ಮಳೆ ಹೊತ್ತಿಗೆ ನಡುಮನೆಯಲ್ಲೇ ನಿಂತರೆ ರೌಟರ್ ಕೆಟ್ಟಿದೆ ಎಂದುಕೊಳ್ಳಬೇಡಿ.

2020ರ ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮ ಮನೆಗೆ ನೆಟ್‌ವರ್ಕ್ ಎಂದರೆ ಹಿಂದಿನ ಗುಡ್ಡ. ಮಗಳು ಛತ್ರಿ ಹಿಡಿದು ಗುಡ್ಡ ಹತ್ತಿ ಆನ್‌ಲೈನ್ ಪಾಠ ಕೇಳಿದ್ದಾಳೆ. ಈ ಕಡೆಯ ಎಷ್ಟೋ ಮಕ್ಕಳು ಹಾಗೇ ಕೇಳಿದ್ದಾರೆ. ಆಮೇಲೆ ಊರಿಗೆ ಫೈಬರ್ ಬಂತು. ಆದರೆ ನೆಟ್ ಜಗಲಿವರೆಗೆ ಬಂತೇ ಹೊರತು ಅಡುಗೆ ಮನೆಗೆ ಬರಲಿಲ್ಲ. ಅದನ್ನು ಒಳಗೆ ತರಲು ನಾನು ಎರಡು ವರ್ಷ ಒದ್ದಾಡಿದೆ, ದುಡ್ಡೂ ಕಳೆದೆ. ಆ ಒದ್ದಾಟದಿಂದ ತಿಳಿದದ್ದು ಇಷ್ಟು: ನಮ್ಮ ಕಡೆ ದುಡ್ಡನ್ನು ಮೊದಲು ಕೇಬಲ್ಲಿಗೆ ಹಾಕಬೇಕು, ಆಮೇಲೆ ಕರೆಂಟಿನ ಬ್ಯಾಕಪ್ಪಿಗೆ, ರೌಟರಿಗೆ ಕಟ್ಟಕಡೆಗೆ. ಅಂಗಡಿಯಲ್ಲಿ ಹೇಳುವುದು ಇದರ ತಿರುಗುಮುರುಗು.

ಮನೆವರೆಗೆ ನೆಟ್ ಬರುವ ದಾರಿ

ಫೈಬರ್ ಸಿಗುವ ಕಡೆ ಫೈಬರನ್ನೇ ಆರಿಸಿ. ಇದರಲ್ಲಿ ನನಗೆ ಎರಡನೆಯ ಯೋಚನೆ ಇಲ್ಲ. ಬಿಎಸ್‌ಎನ್‌ಎಲ್ ಭಾರತ್ ಫೈಬರ್ ಇರಲಿ, ಊರಿನ ಕೇಬಲ್‌ನವರದ್ದಿರಲಿ, ಖಾಸಗಿ ಕಂಪನಿಯದ್ದಿರಲಿ, ಗಾಜಿನ ಎಳೆಯಲ್ಲಿ ಬೆಳಕು ಬರುವುದರಿಂದ ಮಳೆ ಮೋಡಗಳ ಕಾಟ ಇಲ್ಲ. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯ್ತಿವರೆಗೆ ಫೈಬರ್ ಎಳೆದ ಊರುಗಳಿವೆ. ಅಲ್ಲಿಂದ ನಿಮ್ಮ ಮನೆಗೆ ಸಂಪರ್ಕ ಕೊಡುತ್ತಾರಾ ಎಂದು ಪಂಚಾಯ್ತಿಯಲ್ಲೊಮ್ಮೆ ವಿಚಾರಿಸಿ.

ಫೈಬರಿನ ಕಷ್ಟ ಒಂದೇ, ಅದು ಕಡಿಯುತ್ತದೆ. ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ತೂಗುತ್ತಾ ಬರುವ ತೆಳು ಕೇಬಲ್ ಅದು. ಒಂದು ಕೊಂಬೆ ಬಿದ್ದರೆ ಸಾಕು, ಮಂಗ ಜೋತಾಡಿದರೂ ಸಾಕು. ಅದಕ್ಕೇ ಸಂಪರ್ಕ ತೆಗೆದುಕೊಳ್ಳುವ ಮೊದಲು ತಿಂಗಳ ಬಾಡಿಗೆ ಎಷ್ಟು ಎಂದು ಕೇಳುವುದರ ಜೊತೆಗೆ ಜೋಡಿಸುವವರು ಎಲ್ಲಿಂದ ಬರುತ್ತಾರೆ ಎಂದೂ ಕೇಳಿ. ಊರಿನಲ್ಲೇ ಇರುವ ಹುಡುಗ ಬಂದು ಜೋಡಿಸುವ ಕಂಪನಿ ಸ್ವಲ್ಪ ದುಬಾರಿಯಾದರೂ ನನ್ನ ಆಯ್ಕೆ ಅದೇ. ಜುಲೈನಲ್ಲಿ ನಾಲ್ಕು ದಿನ ನೆಟ್ ಇಲ್ಲದೆ ಕೂತವರಿಗೆ ಈ ಮಾತು ಅರ್ಥವಾಗುತ್ತದೆ. ಇನ್ನೊಂದು ಪ್ರಶ್ನೆ: "ಕರೆಂಟ್ ಹೋದಾಗ ನಿಮ್ಮ ಕಡೆಯ ಮಷಿನ್ ಎಷ್ಟು ಹೊತ್ತು ನಡೆಯುತ್ತದೆ?" ಅಲ್ಲಿ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದೂ ಉಪಯೋಗವಿಲ್ಲ.

ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಸಣ್ಣ ದೀಪ ಇರುತ್ತದೆ. ಅದು ಕೆಂಪಾದರೆ ಬೆಳಕು ಬರುತ್ತಿಲ್ಲ, ದಾರಿಯಲ್ಲಿ ಎಲ್ಲೋ ಕಡಿದಿದೆ ಅಥವಾ ಮಡಚಿದೆ. ರೌಟರ್ ಆಫ್ ಆನ್ ಮಾಡುತ್ತಾ ಕೂರಬೇಡಿ, ನೇರ ಫೋನ್ ಮಾಡಿ. ಜೋಡಿಸಲು ಬಂದ ಹುಡುಗನಿಗೆ "ಪವರ್ ಎಷ್ಟು ಬರ್ತಿದೆ ತಮ್ಮಾ?" ಎಂದು ಕೇಳಿ. ಮೈನಸ್ 20ರ ಆಸುಪಾಸು ಹೇಳಿದರೆ ಒಳ್ಳೆಯದು. ಮೈನಸ್ 27 ದಾಟಿ 28, 29 ಆದರೆ ಬೆಳಕು ಸಾಲದೆ ನೆಟ್ ಬಂದು ಹೋಗಿ ಮಾಡುತ್ತದೆ. ಆಗ ಜೋಡಣೆಯನ್ನು ಇನ್ನೊಮ್ಮೆ ಮಾಡಿಸಿ.

ಫೈಬರ್ ಇಲ್ಲದ ಕಡೆ ಉಳಿಯುವುದು ಮೊಬೈಲ್ ಟವರ್. ಇದರಲ್ಲಿ ಎರಡು ಬಗೆ. 2023ರಲ್ಲಿ ಶುರುವಾದ ಜಿಯೋ ಏರ್‌ಫೈಬರ್, ಏರ್‌ಟೆಲ್ ಏರ್‌ಫೈಬರ್ ಥರದವು 5ಜಿ ಅಲೆಯನ್ನು ಮಾಡಿನ ಮೇಲಿನ ಪೆಟ್ಟಿಗೆಯಲ್ಲಿ ಹಿಡಿದು ಕೇಬಲ್ ಮೂಲಕ ಮನೆಯೊಳಗೆ ಕೊಡುತ್ತವೆ. 5ಜಿ ಟವರ್ ಹತ್ತಿರ ಇದ್ದು ನಡುವೆ ಗುಡ್ಡ ಇಲ್ಲದಿದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎರಡನೆಯದು ಸಿಮ್ ಹಾಕುವ 4ಜಿ ರೌಟರ್. ಮಲೆನಾಡಿನ ಒಳ ಊರುಗಳಿಗೆ ಎಷ್ಟೋ ಸಲ ಇದೊಂದೇ ದಾರಿ.

4ಜಿ ರೌಟರ್ ಕೊಳ್ಳುವ ಮೊದಲು ಫೋನಿನಲ್ಲೇ ಒಂದು ಪರೀಕ್ಷೆ ಮಾಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಮೈನಸ್ ಅಂಕಿಯಲ್ಲಿ ಕಾಣುತ್ತದೆ. ಮೈನಸ್ 85 ಇದ್ದರೆ ಗಟ್ಟಿ. ಮೈನಸ್ 100 ಬಡಕಲು. ಮೈನಸ್ 115 ಇದ್ದರೆ ಇದ್ದೂ ಇಲ್ಲದ ಹಾಗೆ. ಈ ಫೋನ್ ಹಿಡಿದುಕೊಂಡು ಅಂಗಳ, ಉಪ್ಪರಿಗೆ, ದರೆಯ ಮೇಲೆ, ನೀರಿನ ಟ್ಯಾಂಕಿನ ಹತ್ತಿರ ಎಲ್ಲ ಓಡಾಡಿ. ಬೇರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ. ಅಂಕಿ ಎಲ್ಲಿ ಚೆನ್ನಾಗಿದೆಯೋ ಅಲ್ಲೇ ಪೆಟ್ಟಿಗೆ ಕೂರಬೇಕು. ಜಗಲಿಗೂ ಉಪ್ಪರಿಗೆಗೂ 15 ಅಂಕಿ ವ್ಯತ್ಯಾಸ ಬಂದದ್ದನ್ನು ನಾನೇ ನೋಡಿದ್ದೇನೆ.

ರೌಟರನ್ನು ಒಳಗಿಟ್ಟು ಆಂಟೆನಾವನ್ನು ಮಾತ್ರ ದೂರ ಎತ್ತರಕ್ಕೆ ಕಟ್ಟುವುದು ಒಂದು ಪದ್ಧತಿ. ಆದರೆ ಆ ದಪ್ಪ ಆಂಟೆನಾ ವೈರಿನಲ್ಲಿ ಹತ್ತು ಮೀಟರ್ ಬರುವಷ್ಟರಲ್ಲಿ ಹಿಡಿದ ಸಿಗ್ನಲ್ಲಿನ ದೊಡ್ಡ ಪಾಲು ಸೋರಿಹೋಗುತ್ತದೆ. ಅದಕ್ಕಿಂತ ಮಳೆಗೆ ತಡೆಯುವ ಹೊರಾಂಗಣ 4ಜಿ ರೌಟರನ್ನೇ ಎತ್ತರದಲ್ಲಿ ಕೂರಿಸಿ, ಅಲ್ಲಿಂದ ಲ್ಯಾನ್ ಕೇಬಲ್, ಅಂದರೆ ನೆಟ್ ಒಯ್ಯುವ ತಾಮ್ರದ ಕೇಬಲ್, ಇಳಿಸುವುದು ವಾಸಿ. ಅದಕ್ಕೆ ಬೇಕಾದ ಕರೆಂಟೂ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಇದಕ್ಕೆ ಪಿಒಇ ಎನ್ನುತ್ತಾರೆ.

ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಗಳನ್ನು ಮಾತ್ರ ದಯವಿಟ್ಟು ತೆಗೆದುಕೊಳ್ಳಬೇಡಿ. ಮೊಬೈಲ್ ಸಿಗ್ನಲ್ಲನ್ನು ಅನುಮತಿ ಇಲ್ಲದೆ ಹೀಗೆ ಹೆಚ್ಚಿಸುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ನಿಮ್ಮ ಒಂದು ಪೆಟ್ಟಿಗೆಯಿಂದ ಇಡೀ ಊರಿನ ಟವರ್ ಕೆಡಬಹುದು.

ಎಷ್ಟು ವೇಗ ಬೇಕು ಎಂಬುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟಿವಿಯಲ್ಲಿ ಒಳ್ಳೆಯ ಎಚ್‌ಡಿ ಸಿನಿಮಾಗೆ 5 ಎಂಬಿಪಿಎಸ್ ಸಾಕು, 4ಕೆಗೆ 15. ವಿಡಿಯೋ ಕಾಲಿಗೆ ಮೂರು ನಾಲ್ಕು. ಐದು ಜನರ ಮನೆಗೆ 50 ಎಂಬಿಪಿಎಸ್ ಬೇಕಾದಷ್ಟಾಯಿತು. ಮನೆಯಿಂದ ಬೆಂಗಳೂರಿನ ಆಫೀಸಿನ ಕೆಲಸ ಮಾಡುವವರಿದ್ದರೆ 100 ತಗೊಳ್ಳಿ.

ಮನೆಯೊಳಗೆ: ಕೇಬಲ್ ಮತ್ತು ವೈಫೈ

ಹೊಸಬರಿಗೆ ಇಲ್ಲೊಂದು ಗೊಂದಲ ಇರುತ್ತದೆ. ಇಂಟರ್‌ನೆಟ್ ಬೇರೆ, ಮನೆಯ ನೆಟ್‌ವರ್ಕ್ ಬೇರೆ. ಹೊರಗಿನಿಂದ ಬರುವ ಸಂಪರ್ಕವನ್ನು ಮನೆಯ ಫೋನು, ಟಿವಿ, ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿಗೆ ಹಂಚುವುದು ಮನೆಯ ನೆಟ್‌ವರ್ಕ್. ಹೊರಗಿನ ಫೈಬರ್ ಕಡಿದಾಗಲೂ ಮನೆಯ ಕಂಪ್ಯೂಟರಿನಿಂದ ಪ್ರಿಂಟರಿಗೆ ಕಾಗದ ಹೋಗುತ್ತದೆ, ಅಂಗಳದ ಕ್ಯಾಮೆರಾ ರೆಕಾರ್ಡ್ ಮಾಡುತ್ತಲೇ ಇರುತ್ತದೆ. ಹಂಚುವ ಈ ಕೆಲಸ ಕೇಬಲ್ಲಿನಲ್ಲೂ ಆಗುತ್ತದೆ, ವೈಫೈಯಲ್ಲೂ ಆಗುತ್ತದೆ.

ವೈಫೈಯಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಹಾದಿ. 2.4 ನಿಧಾನ, ಆದರೆ ಗೋಡೆ ದಾಟುತ್ತದೆ. 5 ವೇಗ, ಆದರೆ ಗೋಡೆ ಕಂಡರೆ ಸೋಲುತ್ತದೆ. ಪೇಟೆ ಮನೆಗೆ 5 ಚೆಂದ. ಜಂಬಿಟ್ಟಿಗೆ ಮನೆಯಲ್ಲಿ ರೌಟರ್ ಇರುವ ಕೋಣೆಗಷ್ಟೇ 5, ಉಳಿದೆಡೆಗೆ 2.4. "ವೈಫೈ 6 ತಗೊಂಡ್ರೆ ಎಲ್ಲ ಸರಿಯಾಗತ್ತಾ?" ಎಂದು ಕೇಳುತ್ತಾರೆ. ಆಗುವುದಿಲ್ಲ. ವೈಫೈ 6ರ ಬಲ ಒಂದೇ ಜಾಗದಲ್ಲಿ ಹತ್ತಾರು ಸಾಧನ ಇರುವಾಗ ಕಾಣುತ್ತದೆ. ಅಲೆ ಅದೇ, ಗೋಡೆಯೂ ಅದೇ. ಹೊಸದಾಗಿ ಕೊಳ್ಳುವುದಿದ್ದರೆ ವೈಫೈ 6 ತಗೊಳ್ಳಿ, ತಪ್ಪಿಲ್ಲ. ಆದರೆ ಗೋಡೆ ದಾಟಿಸುತ್ತದೆ ಎಂಬ ಆಸೆಗೆ ಹಳೆಯದನ್ನು ಎಸೆಯಬೇಡಿ.

ಕೇಬಲ್ಲಿಗೆ ಈ ಯಾವ ತೊಂದರೆಯೂ ಇಲ್ಲ. ಒಂದು ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಅಷ್ಟೇ ವೇಗದಲ್ಲಿ ಒಯ್ಯುತ್ತದೆ. ಮಳೆ, ತೇವ, ಬಾಗಿಲು ಹಾಕಿದ್ದು ತೆಗೆದದ್ದು ಯಾವುದೂ ಲೆಕ್ಕಕ್ಕಿಲ್ಲ. ಅದಕ್ಕೇ ನನ್ನ ಸಲಹೆ: ಜಾಗ ಬಿಟ್ಟು ಕದಲದ ವಸ್ತುಗಳಿಗೆಲ್ಲ ಕೇಬಲ್, ಕೈಯಲ್ಲಿ ಹಿಡಿದು ಓಡಾಡುವುದಕ್ಕೆ ವೈಫೈ. ಟಿವಿ, ಟೇಬಲ್ ಮೇಲಿನ ಕಂಪ್ಯೂಟರ್, ಸಿಸಿಟಿವಿ ಪೆಟ್ಟಿಗೆ ಕೇಬಲ್ಲಿಗೆ ಹೋದರೆ ಫೋನುಗಳಿಗೆ ವೈಫೈ ಖಾಲಿ ಸಿಗುತ್ತದೆ.

ಕ್ಯಾಟ್ 5ಇ, ಕ್ಯಾಟ್ 6 ಎಂದು ಎರಡು ಬಗೆಯ ಕೇಬಲ್ ಅಂಗಡಿಯಲ್ಲಿ ಸಿಗುತ್ತವೆ. ಎರಡೂ 100 ಮೀಟರ್‌ಗೆ ಒಂದು ಗಿಗಾಬಿಟ್ ಒಯ್ಯುತ್ತವೆ. ಮನೆಗೆ 5ಇ ಸಾಕು. ಗೋಡೆಯೊಳಗೆ ಪೈಪಿನಲ್ಲಿ ಹಾಕಿ ಮುಚ್ಚಿಬಿಡುವುದಾದರೆ ಮಾತ್ರ ಕ್ಯಾಟ್ 6 ಹಾಕಿ, ಮತ್ತೆ ಮತ್ತೆ ಒಡೆಯುವ ಕೆಲಸ ಬೇಡ. ಆದರೆ 5ಇಯೋ 6ಯೋ ಎಂಬುದಕ್ಕಿಂತ ಮುಖ್ಯ, ಒಳಗಿರುವುದು ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬುದು. ಅಲ್ಯೂಮಿನಿಯಂ ಎಳೆಗೆ ಮೇಲೆ ತೆಳ್ಳಗೆ ತಾಮ್ರ ಬಳಿದ ಕೇಬಲ್ ತುಂಬಾ ಬರುತ್ತದೆ. ನೋಡಲು ಒಂದೇ ಥರ, ಬೆಲೆ ಕಮ್ಮಿ. ನಾನು ಮೊದಲ ಸಲ ಶಿವಮೊಗ್ಗದಿಂದ ತಂದ ಸುರುಳಿ ಅದೇ ಆಗಿತ್ತು. ಎರಡು ಮಳೆಗಾಲಕ್ಕೆ ತುದಿಗಳು ಬೆಳ್ಳಗೆ ಹುಡಿಯಾದವು, ಬಗ್ಗಿಸಿದ ಕಡೆ ಎಳೆ ಮುರಿಯಿತು. ಪರೀಕ್ಷೆ ಸುಲಭ. ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ಅಲ್ಯೂಮಿನಿಯಂ, ವಾಪಸ್ ಕೊಡಿ. ಕೊನೆತನಕ ಕೆಂಪಗೇ ಇದ್ದರೆ ತಾಮ್ರ. ಅಂಗಡಿಯವರೆದುರೇ ಕೆರೆದು ನೋಡುವುದಕ್ಕೆ ಸಂಕೋಚ ಬೇಡ.

ಹೊರಗೆ ಎಳೆಯುವುದಾದರೆ ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ಲೇ ಬೇಕು. ಒಳಗಿನ ಬೂದು ಬಣ್ಣದ ಕೇಬಲ್ ಬಿಸಿಲಿಗೆ ಬಿರಿದು, ಬಿರುಕಿನಲ್ಲಿ ನೀರು ಇಳಿಯುತ್ತದೆ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಒಂದು ಗೇಣು ಕೆಳಗಿಳಿದು ಮೇಲೆ ಹತ್ತುವ ಹಾಗೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಉಪ್ಪರಿಗೆಯ ಮೇಲೆ ಹಾಯಿಸುವಾಗ ಪಿವಿಸಿ ಪೈಪಿನೊಳಗೇ ಹಾಯಿಸಿ. ಇಲಿಗೆ ಲ್ಯಾನ್ ಕೇಬಲ್ ಅಂದರೆ ಅದೇನು ಇಷ್ಟವೋ, ಬಿಟ್ಟರೆ ಒಂದೇ ರಾತ್ರಿಯಲ್ಲಿ ಕಡಿದಿಡುತ್ತದೆ. ಕರೆಂಟಿನ ವೈರ್ ಇರುವ ಪೈಪಿನಲ್ಲೇ ಇದನ್ನೂ ತುರುಕಬೇಡಿ, ಒಂದು ಅಡಿ ಅಂತರ ಇರಲಿ.

ತುದಿಗೆ ಆರ್‌ಜೆ 45 ಪಿನ್ ಹಾಕುವುದನ್ನು ನೀವೇ ಕಲಿಯಬಹುದು. ಪಿನ್ ಒತ್ತಿ ಕೂರಿಸುವ ಒಂದು ಕ್ರಿಂಪಿಂಗ್ ಟೂಲ್, ಲ್ಯಾನ್ ಕೇಬಲ್ ಪರೀಕ್ಷಿಸುವ ಒಂದು ಸಣ್ಣ ಟೆಸ್ಟರ್ ಸಾಕು. ಪಿನ್ನಿನ ಕೊಕ್ಕೆ ಕೆಳಗೆ ಮಾಡಿ ಹಿಡಿದರೆ ಎಡದಿಂದ ಬಣ್ಣದ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಕಂಪ್ಯೂಟರಿನಲ್ಲಿ ಸಂಪರ್ಕದ ವೇಗ 1000ದ ಬದಲು 100 ಎಂದು ತೋರಿಸಿದರೆ ಎಂಟರಲ್ಲಿ ಯಾವುದೋ ಎಳೆ ಸರಿಯಾಗಿ ಕೂತಿಲ್ಲ ಎಂದರ್ಥ. 100ರ ವೇಗಕ್ಕೆ ನಾಲ್ಕೇ ಎಳೆ ಸಾಕು, 1000ಕ್ಕೆ ಎಂಟೂ ಬೇಕು. ಅಥವಾ ನಿಮ್ಮ ರೌಟರಿನ ಪೋರ್ಟೇ 100ರದ್ದಿರಬಹುದು. ಕಮ್ಮಿ ಬೆಲೆಯ ರೌಟರುಗಳಲ್ಲಿ ಹಾಗಿರುತ್ತದೆ. ಡಬ್ಬಿಯ ಮೇಲೆ ಗಿಗಾಬಿಟ್ ಎಂದು ಬರೆದಿದೆಯೋ ನೋಡಿ ಕೊಳ್ಳಿ.

ದೂರದ ಕೋಣೆಗೆ ವೈಫೈ

ಇಲ್ಲಿ ನಾಲ್ಕು ದಾರಿಗಳಿವೆ. ನಾನು ನಾಲ್ಕನ್ನೂ ಮಾಡಿ ನೋಡಿದ್ದೇನೆ.

ಮೊದಲನೆಯದು ರಿಪೀಟರ್. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ. ಅಗ್ಗ, ಐದು ನಿಮಿಷದ ಕೆಲಸ. ಆದರೆ ಅದು ಒಂದೇ ಹಾದಿಯಲ್ಲಿ ಕೇಳಿ ಅದೇ ಹಾದಿಯಲ್ಲಿ ತಿರುಗಿ ಹೇಳಬೇಕು. ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಎಲ್ಲರೂ ಅದನ್ನು ವೈಫೈ ಬರದ ಕೋಣೆಯಲ್ಲೇ ಇಡುತ್ತಾರೆ. ಬಾರದ ಸಿಗ್ನಲ್ಲನ್ನು ಅದು ಏನೆಂದು ತಿರುಗಿ ಹೇಳಬೇಕು, ಅಲ್ವಾ? ಇಡುವುದಾದರೆ ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಿ. ವಾಟ್ಸಾಪ್ ನೋಡುವಷ್ಟಕ್ಕೆ ಇದು ಸಾಕು, ವಿಡಿಯೋ ಕಾಲಿಗೆ ಸಾಲದು.

ಎರಡನೆಯದು ಮೆಶ್. ಎರಡು ಮೂರು ಪೆಟ್ಟಿಗೆ ಸೇರಿ ಒಂದೇ ವೈಫೈ ಹೆಸರಿನಲ್ಲಿ ಕೆಲಸ ಮಾಡುತ್ತವೆ. ನೀವು ನಡೆದಂತೆ ಫೋನು ತಾನೇ ಹತ್ತಿರದ ಪೆಟ್ಟಿಗೆಗೆ ದಾಟುತ್ತದೆ. ಶಿವಮೊಗ್ಗದ ಬಡಾವಣೆಯ ಎರಡು ಮಹಡಿಯ ಆರ್‌ಸಿಸಿ ಮನೆಗೆ ಇದು ಒಳ್ಳೆಯದು, ಹೊಂದಿಸುವುದೂ ಸುಲಭ. ನಮ್ಮ ದಪ್ಪ ಗೋಡೆಯಲ್ಲಿ ಮಾತ್ರ ಪೆಟ್ಟಿಗೆ ಪೆಟ್ಟಿಗೆಗಳ ನಡುವಿನ ಮಾತೇ ಸೊರಗುತ್ತದೆ. ಆಗ ಅವುಗಳ ನಡುವೆಯೂ ಕೇಬಲ್ ಎಳೆಯಬೇಕು. ಕೇಬಲ್ ಎಳೆಯುವುದೇ ಆದರೆ ಅಷ್ಟು ದುಡ್ಡು ಯಾಕೆ?

ಮೂರನೆಯದು ಪವರ್‌ಲೈನ್. ಕರೆಂಟಿನ ವೈರಿಂಗಿನಲ್ಲೇ ನೆಟ್ ಕಳಿಸುವ ಜೋಡಿ ಪೆಟ್ಟಿಗೆ. ಗೋಡೆ ಒಡೆಯುವುದು ಬೇಡ ಎನ್ನುವುದು ಇದರ ಆಕರ್ಷಣೆ. ಆದರೆ ಎರಡೂ ಒಂದೇ ಫೇಸಿನಲ್ಲಿ ಇರಬೇಕು. ಒಂದು ಇನ್ವರ್ಟರ್ ಲೈನಿನಲ್ಲಿದ್ದು ಇನ್ನೊಂದು ನೇರ ಲೈನಿನಲ್ಲಿದ್ದರೆ ಕೈಕೊಡುತ್ತದೆ. ಹಳೆಯ ವೈರಿಂಗಿನಲ್ಲಂತೂ ವೇಗ ಏನು ಬರುತ್ತದೆ ಎಂದು ಹಾಕಿದ ಮೇಲೇ ಗೊತ್ತಾಗುವುದು. ನಮ್ಮ ಮನೆಯಲ್ಲಿ ಮಿಕ್ಸಿ ಹಾಕಿದಾಗೆಲ್ಲ ನೆಟ್ ತಡವರಿಸುತ್ತಿತ್ತು. ವಾಪಸ್ ಕೊಟ್ಟೆ.

ನಾಲ್ಕನೆಯದು, ಕೇಬಲ್ ಎಳೆದು ಆ ತುದಿಗೆ ಇನ್ನೊಂದು ಸಾಧಾರಣ ರೌಟರ್ ಇಡುವುದು. ಮನೆಯಲ್ಲಿ ಮೂಲೆ ಸೇರಿದ ಹಳೆಯ ರೌಟರ್ ಇದ್ದರೆ ಅದೇ ಆಗುತ್ತದೆ. ದಪ್ಪ ಗೋಡೆಯ ಮನೆಗೆ ನಾನು ಹೇಳುವುದು ಇದನ್ನೇ. ಹೊಸ ರೌಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇರುತ್ತದೆ, ಅದನ್ನು ಒತ್ತಿದರೆ ಮುಗಿಯಿತು. ಹಳೆಯದಾದರೆ ಮೂರು ಕೆಲಸ. ಅದರ ನೆಟ್‌ವರ್ಕ್ ವಿಳಾಸವನ್ನು ಬದಲಿಸಿ: ಮೊದಲ ರೌಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಡಿಎಚ್‌ಸಿಪಿ ಆಫ್ ಮಾಡಿ. ಕೇಬಲ್ಲನ್ನು ಹೊರಗಿನ ನೆಟ್ ಬರುವ ವ್ಯಾನ್ ಪೋರ್ಟಿಗಲ್ಲ, ಮನೆಯ ಸಾಧನಗಳಿಗೆ ಇರುವ ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಎಂದರೆ ಮನೆಯ ಪ್ರತಿ ಸಾಧನಕ್ಕೂ ಒಂದೊಂದು ನಂಬರ್ ಹಂಚುವ ಕೆಲಸ. ಆ ಕೆಲಸ ಒಬ್ಬರೇ ಮಾಡಬೇಕು. ಇಬ್ಬರೂ ಹಂಚತೊಡಗಿದರೆ ಯಾರ ನಂಬರ್ ಯಾರಿಗೆ ಎಂಬುದೇ ತಿಳಿಯದೆ ಅರ್ಧ ಮನೆಗೆ ನೆಟ್ ನಿಂತುಬಿಡುತ್ತದೆ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಡಿ. 2.4ರ ಚಾನೆಲ್ ಮಾತ್ರ ಬೇರೆ ಇರಲಿ, ಒಂದಕ್ಕೆ 1, ಇನ್ನೊಂದಕ್ಕೆ 11. ಮೂರನೆಯದು ಇದ್ದರೆ ಅದಕ್ಕೆ 6. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ಅಂಗಳ ದಾಟಿ, ಮತ್ತು ಸಿಡಿಲು

ಅಡಿಕೆ ಅಂಗಳಕ್ಕೆ ಕ್ಯಾಮೆರಾ ಬೇಕು ಎಂದು ಈಗ ಎಲ್ಲರೂ ಕೇಳುತ್ತಾರೆ. ಕೊಯ್ಲಿನ ಸಮಯದಲ್ಲಿ ರಾತ್ರಿ ಕಾವಲು ಕೂರುವ ಕಷ್ಟ ಅನುಭವಿಸಿದವರಿಗೇ ಗೊತ್ತು. ನಮ್ಮ ಮನೆಯಿಂದ ಅಂಗಳದ ಶೆಡ್ಡಿಗೆ ಸುಮಾರು 60 ಮೀಟರ್. 100ರ ಒಳಗೇ ಇದೆಯಲ್ಲ ಎಂದು ನಾನು ಲ್ಯಾನ್ ಕೇಬಲ್ಲನ್ನೇ ಮರದಿಂದ ಮರಕ್ಕೆ ಕಟ್ಟಿ ಎಳೆದೆ. ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಏಪ್ರಿಲ್ ಕೊನೆಯ ಒಂದು ಸಂಜೆ ಗುಡುಗು ಬಂತು. ಸಿಡಿಲು ನಮ್ಮ ಮನೆಗೆ ಬಡಿದಿರಲಿಲ್ಲ, ತೋಟದಾಚೆ ಎಲ್ಲೋ ಬಿದ್ದಿತ್ತು. ಆದರೂ ಶೆಡ್ಡಿನ ನೆಟ್‌ವರ್ಕ್ ಸ್ವಿಚ್ (ಒಂದು ಕೇಬಲ್ಲಿನ ನೆಟ್ಟನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆ), ಕ್ಯಾಮೆರಾದ ಪೆಟ್ಟಿಗೆ, ಮನೆಯ ರೌಟರ್, ಕಂಪ್ಯೂಟರಿನ ಲ್ಯಾನ್ ಪೋರ್ಟ್ ಒಟ್ಟಿಗೇ ಸತ್ತವು. ಆ ಕಂಪ್ಯೂಟರಿಗೆ ಆ ಹೊತ್ತಿನಲ್ಲಿ ಯಾರೂ ಕೈ ಹಚ್ಚಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಾರಣ ಇದು. ಉದ್ದದ ತಾಮ್ರದ ಕೇಬಲ್ ಬಯಲಿನಲ್ಲಿ ಹಾದಾಗ ಹತ್ತಿರದ ಸಿಡಿಲು ಅದರೊಳಗೆ ಕರೆಂಟ್ ಹುಟ್ಟಿಸುತ್ತದೆ. ಎರಡು ಕಟ್ಟಡಗಳ ನೆಲದ ವೋಲ್ಟೇಜೂ ಆ ಗಳಿಗೆಯಲ್ಲಿ ಬೇರೆ ಬೇರೆ ಆಗಿ, ಕೇಬಲ್ ಮೂಲಕ ಕರೆಂಟ್ ಹರಿಯುತ್ತದೆ. ಆದ್ದರಿಂದ ಎರಡು ಬೇರೆ ಕಟ್ಟಡಗಳ ನಡುವೆ ತಾಮ್ರ ಬೇಡ. ಇದೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ.

ಬದಲಿಗೆ ಎರಡು ಉಪಾಯ. ಒಂದು, ಫೈಬರ್. ಎರಡು ಮೀಡಿಯಾ ಕನ್ವರ್ಟರ್ ಪೆಟ್ಟಿಗೆ, ನಡುವೆ ಫೈಬರ್ ಕೇಬಲ್. ಲ್ಯಾನ್ ಕೇಬಲ್ಲಿನ ಸಂದೇಶವನ್ನು ಒಂದು ಪೆಟ್ಟಿಗೆ ಬೆಳಕಾಗಿಸುತ್ತದೆ, ಆ ಕಡೆಯದು ಮತ್ತೆ ಮೊದಲಿನಂತೆ ಮಾಡುತ್ತದೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ದೂರವೂ 100 ಮೀಟರಿಗೆ ನಿಲ್ಲುವುದಿಲ್ಲ, ಕಿಲೋಮೀಟರುಗಟ್ಟಲೆ ಹೋಗುತ್ತದೆ. ಒಂದೇ ಎಳೆಯ ಪೆಟ್ಟಿಗೆಗಳಾದರೆ ಎ ಮತ್ತು ಬಿ ಎಂದು ಜೋಡಿಯಾಗಿಯೇ ಕೊಳ್ಳಬೇಕು, ಎರಡೂ ಎ ತಂದರೆ ಕೆಲಸ ಮಾಡುವುದಿಲ್ಲ. ತುದಿ ಜೋಡಿಸುವುದನ್ನು ಊರಿನ ಕೇಬಲ್ ಹುಡುಗನೇ ಮಾಡಿಕೊಡುತ್ತಾನೆ. ಕೇಬಲ್ಲಿನ ಜೊತೆ ಬರುವ ಉಕ್ಕಿನ ಆಧಾರದ ತಂತಿಯನ್ನು ಮಾತ್ರ ಹೊರಗೆ ಗೋಡೆಗೇ ಕಟ್ಟಿ ಕತ್ತರಿಸಲು ಹೇಳಿ, ಒಳಗೆ ತರಬಾರದು. ನಾನು ಈಗ ಹೀಗೇ ಮಾಡಿಕೊಂಡಿದ್ದೇನೆ.

ಎರಡು, ದೂರದಿಂದ ದೂರಕ್ಕೆ ವೈಫೈ ಎಸೆಯುವ ಹೊರಾಂಗಣ ಜೋಡಿ. ಪಾಯಿಂಟ್ ಟು ಪಾಯಿಂಟ್ ಎನ್ನುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ ಇನ್ನಷ್ಟು ಭಾಗವನ್ನು ಲೈಸೆನ್ಸ್ ಇಲ್ಲದೆ ಹೊರಗೂ ಬಳಸಲು ಬಿಟ್ಟಿದೆ. ಬಯಲುಸೀಮೆಗೆ, ಗದ್ದೆಯ ಆಚೆ ಈಚೆ ಎದುರುಬದುರು ಮನೆಗಳಿಗೆ ಇದು ತುಂಬಾ ಒಳ್ಳೆಯದು. ಆದರೆ ಎರಡು ಪೆಟ್ಟಿಗೆಗಳೂ ಒಂದಕ್ಕೊಂದು ಕಣ್ಣಿಗೆ ಕಾಣಬೇಕು. ನಡುವೆ ಅಡಿಕೆ ತೋಟ ಇದ್ದರೆ, ಅದರ ಎಲೆ ಮಳೆಯಲ್ಲಿ ನೆನೆದರೆ, ಸಿಗ್ನಲ್ ಅಲ್ಲೇ ಮುಗಿಯಿತು. ತೋಟದ ನಡುವೆ ಹಾಯುವುದಾದರೆ ಫೈಬರ್, ಬರೀ ಅಂಗಳವೋ ಗದ್ದೆಯೋ ಆದರೆ ಈ ಜೋಡಿ.

ಸಿಡಿಲಿನ ಕಾಟ ಜಾಸ್ತಿ ಇರುವುದು ಜುಲೈನ ಜಡಿಮಳೆಯಲ್ಲಲ್ಲ. ಏಪ್ರಿಲ್ ಮೇ ತಿಂಗಳ ಸಂಜೆ ಮಳೆಯಲ್ಲಿ, ಆಮೇಲೆ ಹಿಂಗಾರಿನ ಚಿತ್ತೆ ಸ್ವಾತಿ ಮಳೆಗಳಲ್ಲಿ. ಆ ದಿನಗಳಲ್ಲಿ ಗುಡುಗು ಕೇಳುವ ಮುಂಚೆಯೇ, ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮಾಡಿನ ಮೇಲಿನಿಂದ ಬರುವ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕೀಳಿ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ, ಪೆಟ್ಟಿಗೆ ಹೋದರೆ ಹೋಗಲಿ. ಸ್ಪೈಕ್ ಬೋರ್ಡ್ ಹಾಕಿದ್ದೇನೆ ಎನ್ನುವವರಿಗೆ ಒಂದು ಮಾತು: ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಹಿಂದೆ ಅರ್ಥ್ ವೈರ್ ಇರುವುದಿಲ್ಲ. ರೌಟರಿಗಿಂತ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ನೋಡಿಸಿ.

ಕರೆಂಟ್ ಹೋದಾಗ

ಇನ್ವರ್ಟರ್ ಇದ್ದರೆ ಮತ್ತೇಕೆ ಬೇರೆ ಬ್ಯಾಕಪ್ ಎಂದು ನಾನೂ ಅಂದುಕೊಂಡಿದ್ದೆ. ಮನೆಯ ಇನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಹಿಂದೆ ಒಂದು ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ನಾರ್ಮಲ್ ಇದ್ದರೆ ಕರೆಂಟ್ ಹೋದ ಗಳಿಗೆಯಲ್ಲಿ ಒಂದು ತಡೆ ಬಂದು ರೌಟರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಎರಡು ಮೂರು ನಿಮಿಷ ಹೋಯಿತು. ಯುಪಿಎಸ್ ಕಡೆ ಹಾಕಿದರೆ ತಡೆ ಇಲ್ಲ. ಆದರೆ ಆಗ ಅದು ಲೋ ವೋಲ್ಟೇಜನ್ನು ಸಹಿಸುವುದಿಲ್ಲ. 180 ವೋಲ್ಟಿಗಿಂತ ಕೆಳಗಿಳಿದರೆ ಕರೆಂಟ್ ಇದ್ದರೂ ಬ್ಯಾಟರಿಗೆ ಹೊರಳುತ್ತದೆ. ಸಂಜೆ ಎಲ್ಲರ ಪಂಪ್‌ಸೆಟ್ ಓಡುವಾಗ ನಮ್ಮ ಕಡೆ ವೋಲ್ಟೇಜ್ ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು. ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ.

ಅದಕ್ಕೇ ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಹಾಕಿ, ಇನ್ವರ್ಟರನ್ನು ನಾರ್ಮಲ್‌ನಲ್ಲೇ ಬಿಡಿ. ಎರಡೂ ಸೇರಿದರೆ ದಿನಗಟ್ಟಲೆ ತೊಂದರೆ ಇಲ್ಲ. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ. ಹೆಚ್ಚಿನವು 12 ವೋಲ್ಟ್, ಆದರೆ 1 ಆಂಪಿಯರೋ 2 ಆಂಪಿಯರೋ ನೋಡಬೇಕು. ಸಾಧಾರಣ ರೌಟರ್ 10 ವ್ಯಾಟ್ ಆಸುಪಾಸು ತಿನ್ನುತ್ತದೆ. 30 ವ್ಯಾಟ್ ಅವರ್ ಬ್ಯಾಟರಿಯಾದರೆ ಎರಡೂವರೆ ಮೂರು ಗಂಟೆ ಬರುತ್ತದೆ. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬೇಕು, ಮರೆಯಬೇಡಿ.

ಕೊನೆಗೆ ಒಂದಿಷ್ಟು ಬೀಗ

ರೌಟರ್ ಬಂದ ದಿನವೇ ಎರಡು ಪಾಸ್‌ವರ್ಡ್ ಬದಲಿಸಿ. ಒಂದು ವೈಫೈಯದ್ದು, ಇನ್ನೊಂದು ರೌಟರಿನ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್. ಎರಡನೆಯದನ್ನು ಯಾರೂ ಬದಲಿಸುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ 2 ಅಥವಾ 3 ಎಂಬ ಬೀಗ ಇರಲಿ, ಪಾಸ್‌ವರ್ಡ್ ಹಾಕದೆ ಬಟನ್ ಒತ್ತಿಯೋ ಪಿನ್ ನಂಬರಿನಿಂದಲೋ ವೈಫೈ ಸೇರಿಸುವ ಡಬ್ಲ್ಯುಪಿಎಸ್ ಆಫ್ ಇರಲಿ. ನೆಂಟರಿಗೆ ಗೆಸ್ಟ್ ವೈಫೈ ಬೇರೆ ಮಾಡಿ. ಮದುವೆ ಮನೆಯಲ್ಲಿ ಪಾಸ್‌ವರ್ಡ್ ಕೇಳಿದವರಿಗೆ ಇಲ್ಲ ಎನ್ನಲಾಗುವುದಿಲ್ಲ, ಕೊಟ್ಟ ಮೇಲೆ ವಾಪಸ್ ಪಡೆಯಲೂ ಆಗುವುದಿಲ್ಲ.

ಮೂರು ಮನೆಗೆ ಮೂರು ಬಗೆ

ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆ ಕೆಳಗೊಂದು ಮೇಲೊಂದು ಮಹಡಿ. ಫೈಬರ್ ಇದೆ. ಅವರಿಗೆ ಎರಡು ಪೆಟ್ಟಿಗೆಯ ಮೆಶ್ ಹಾಕಿಸಿದೆ, ಟಿವಿಗೆ ಮಾತ್ರ ಒಂದು ಕೇಬಲ್. ಅರ್ಧ ದಿನದ ಕೆಲಸ.

ನಮ್ಮದು ಉದ್ದದ ಮನೆ. ಜಗಲಿಯಲ್ಲಿ ಫೈಬರ್ ಪೆಟ್ಟಿಗೆ, ಅಲ್ಲಿಂದ ಉಪ್ಪರಿಗೆ ಮೇಲೆ ಪೈಪಿನಲ್ಲಿ ಎರಡು ಕೇಬಲ್. ಒಂದು ಅಡುಗೆ ಮನೆ ಪಕ್ಕದ ಹಳೆಯ ರೌಟರಿಗೆ, ಇನ್ನೊಂದು ಮಗಳ ಓದುವ ಕೋಣೆಗೆ. ಶೆಡ್ಡಿಗೆ ಫೈಬರ್. ಮೂರು ಪುಟ್ಟ ಯುಪಿಎಸ್. ಮೊದಲೇ ಹೀಗೆ ಮಾಡಿದ್ದರೆ ಮೊದಲ ಎರಡು ವರ್ಷ ಖರ್ಚು ಮಾಡಿದ್ದರ ಅರ್ಧಕ್ಕೆ ಮುಗಿಯುತ್ತಿತ್ತು.

ಹೊಸನಗರದ ಒಳಗೆ ಅತ್ತೆ ಮಾವ ಇಬ್ಬರೇ ಇರುವ ಮನೆಗೆ ಫೈಬರ್ ಇಲ್ಲ. ದರೆಯ ಮೇಲಿನ ಟ್ಯಾಂಕಿನ ಹತ್ತಿರ ಮಾತ್ರ ಮೈನಸ್ 92 ಬರುತ್ತಿತ್ತು. ಅಲ್ಲಿ ಕಂಬ ನೆಟ್ಟು ಹೊರಾಂಗಣ 4ಜಿ ರೌಟರ್ ಕಟ್ಟಿದೆವು. ಟ್ಯಾಂಕಿನಿಂದ ಮನೆಗೆ ಲ್ಯಾನ್ ಕೇಬಲ್ 20 ಮೀಟರ್. ಇಲ್ಲಿ ತಾಮ್ರ ತಪ್ಪಿಸಲಾಗಲಿಲ್ಲ, ಕರೆಂಟೂ ಅದರಲ್ಲೇ ಹೋಗಬೇಕಿತ್ತು. ಹಾಗಾಗಿ ಮನೆಯೊಳಗೆ ಬರುವ ಜಾಗದಲ್ಲಿ ಕೈಗೆ ಸಿಗುವ ಹಾಗೆ ಒಂದು ಜೋಡಣೆ ಇಟ್ಟೆ. ಮೋಡ ಕಟ್ಟಿದರೆ ಅತ್ತೆಯೇ ಅದನ್ನು ಕೀಳುತ್ತಾರೆ. ಯಾವ ಕೇಬಲ್ ಎಂದು ಗೊತ್ತಾಗಲಿ ಎಂದು ಅದಕ್ಕೆ ಕೆಂಪು ದಾರ ಕಟ್ಟಿಕೊಂಡಿದ್ದಾರೆ.

ಈ ಕೆಲಸಗಳಿಗೆ ಒಳ್ಳೆಯ ಕಾಲ ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಮಾರ್ಚ್. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಹೇಗೂ ಆಳುಗಳು ಮಾಡು ಹತ್ತುತ್ತಾರೆ. ಹೆಂಚು ತೆಗೆದಿರುವ ಆ ಎರಡು ದಿನದಲ್ಲೇ ಪೈಪು ಕೇಬಲ್ಲು ಅವರ ಕೈಗೆ ಕೊಟ್ಟುಬಿಡಿ. ಒಂದು ಕೇಬಲ್ ಸಾಕು ಅನ್ನಿಸಿದರೂ ಎರಡು ಹಾಕಿಸಿ.